ಹಿಟ್ಟಿನಮ್ಮ ಕೇಳಿದ ಕೊನೆಯ ಪ್ರಶ್ನೆ

ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಒಂದು ಹೆಬ್ಬೆರಳಿನ ಗುರುತಿದೆ. ಇಡ್ಲಿ ಹಿಟ್ಟು ಒಣಗಿ ಸುಣ್ಣದ ಹಾಗೆ ಅಂಟಿಕೊಂಡದ್ದು. ಬೆರಳು ನನ್ನದೇ. ಕೈ ಕೂಡ ತೊಳೆಯದೆ ಅದನ್ನು ಈಸಿಕೊಂಡಿದ್ದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಕಳೆದ ತಿಂಗಳು ನೋಯ್ಡಾದ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ಕ್ಯಾಸೆಟ್ಟು ಮಗಳ ಕೈಗೆ ಸಿಕ್ಕಿತು. “ಪಪ್ಪಾ, ಯೇ ಕ್ಯಾ ಹೈ? ಯಾರ ಸಾಂಗ್ಸ್?” ಎಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಒಂದು ಮಾತಿನಲ್ಲಿ ಮೂರು ಭಾಷೆ. ಹಾಡಲ್ಲ ಎಂದೆ. “ಫಿರ್ ಕ್ಯಾ?” ಎಂದಳು. ಗೊತ್ತಿಲ್ಲ ಎಂದೆ. ಸುಳ್ಳಲ್ಲ, ನನಗೆ ನಿಜವಾಗಿ ಗೊತ್ತಿರಲಿಲ್ಲ. ಹದಿನೈದು ವರ್ಷಕ್ಕೂ ಹೆಚ್ಚು ನನ್ನ ಹತ್ತಿರವೇ ಇದ್ದ ಅದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಡಬ್ಬಿಯ ಒಳಗಿನ ಚೀಟಿಯ ಮೇಲೆ ನೀಲಿ ಪೆನ್ನಿನಲ್ಲಿ, ಗುಂಡಗಿನ ಅಕ್ಷರದಲ್ಲಿ ಒಂದೇ ಶಬ್ದ ಬರೆದಿತ್ತು: ಉತ್ತರಗಳು.

ಬರೆದವರು ಹಿಟ್ಟಿನಮ್ಮ.

ಆಗ ನಾನು ದೆಹಲಿಯ ಆರ್.ಕೆ.ಪುರಂನ ಒಂದು ಸೆಕ್ಟರ್ ಮಾರ್ಕೆಟ್ಟಿನಲ್ಲಿ ನಮ್ಮ ಊರ ಕಡೆಯವರ ಹೋಟೆಲಿನಲ್ಲಿದ್ದೆ. ಮೆಟ್ರೋ ಇನ್ನೂ ಆ ಕಡೆಗೆ ಬಂದಿರಲಿಲ್ಲ. ಟೇಬಲ್ ಒರೆಸುವುದರಿಂದ ಶುರುಮಾಡಿ ಸಪ್ಲಾಯರ್ ಆಗಿ, ಆಮೇಲೆ ಕೌಂಟರಿನವರೆಗೆ ಬಂದಿದ್ದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದು ಸಣ್ಣ ಮಾತಲ್ಲ. ಹೋಟೆಲಿನಲ್ಲಿ ಗಿರಾಕಿಗಳ ಹೆಸರು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರು ತಿನ್ನುವುದೇ ಅವರ ಹೆಸರು. ಎರಡು ವಡೆ ಸಾರ್, ಸಕ್ಕರೆ ಇಲ್ಲದ ಕಾಫಿ ಮೇಡಂ, ಹೀಗೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಸ್ಟೀಲ್ ಡಬ್ಬ ಹಿಡಿದುಕೊಂಡು ಇಡ್ಲಿ ಹಿಟ್ಟಿಗೆ ಬರುತ್ತಿದ್ದ ಆ ವಯಸ್ಸಾದ ಹೆಂಗಸಿಗೆ ಹಿಟ್ಟಿನಮ್ಮ ಎಂಬ ಹೆಸರು ತಾನಾಗಿ ಬಿದ್ದಿತ್ತು. ಎದುರಿಗೆ ಅಮ್ಮ, ಹಿಂದಿನಿಂದ ಹಿಟ್ಟಿನಮ್ಮ.

ಮೈಸೂರಿನ ಕಡೆಯವರು. ಗಂಡ ತೀರಿಕೊಂಡಿದ್ದರು. ಯಾವುದೋ ಮಿನಿಸ್ಟ್ರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ಮಗನ ಜೊತೆ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದರು. ಬಂದವರೇ ಪಾತ್ರೆಯ ಹತ್ತಿರ ಮೂಗು ತರುತ್ತಿದ್ದರು. ಆಮೇಲೆ ಕಿರುಬೆರಳ ತುದಿಗೆ ಹಿಟ್ಟು ತಾಗಿಸಿ ನಾಲಿಗೆಗೆ.

“ಇವತ್ತು ಉದ್ದು ಕಮ್ಮಿ ಮಾಡಿದೀಯ.”

“ಇಲ್ಲಮ್ಮ, ಅಳತೆ ಅದೇ.”

“ಅಳತೆ ಅದೇ ಆದ್ರೆ ಉದ್ದೇ ಹಳೇದು. ನಂಗೆ ಸುಳ್ಳು ಹೇಳ್ಬೇಡ ಕಣಯ್ಯಾ, ನಾನು ನಲವತ್ತು ವರ್ಷ ರುಬ್ಬಿದೀನಿ.”

ಹೇಳುವುದು ಸರಿಯೇ ಇರುತ್ತಿತ್ತು. ಅದಕ್ಕೇ ಸಿಟ್ಟು ಬರುತ್ತಿತ್ತು. ಜನವರಿಯ ಚಳಿಯಲ್ಲಿ ಹಿಟ್ಟು ಹುಳಿ ಬರಲಿ ಎಂದು ನಾವು ಪಾತ್ರೆಗೆ ರಜಾಯಿ ಹೊದಿಸಿ ಬಾಯ್ಲರಿನ ಪಕ್ಕ ಇಡುತ್ತಿದ್ದೆವು. ಅದನ್ನು ನೋಡಿ, “ಮಗೂನ ಮಲಗಿಸಿದ ಹಾಗೆ ಮಲಗಿಸಿದೀಯ. ಜೋಗುಳ ಹಾಡಿದ್ಯೋ ಇಲ್ವೋ?” ಎಂದು ಗಿರಾಕಿಗಳೆಲ್ಲ ಕೇಳುವ ಹಾಗೆ ಹೇಳಿ ನಗುತ್ತಿದ್ದರು.

ಒಂದು ಶುಕ್ರವಾರ ಎಂಬಸಿಗಳಿರುವ ಚಾಣಕ್ಯಪುರಿಯ ಕಡೆಯಿಂದ ಕಾರಿನಲ್ಲಿ ಒಂದು ಸಂಸಾರ ಬಂದು ಕೂತಿತು. ಗಂಡ, ಹೆಂಡತಿ, ಎರಡು ಮಕ್ಕಳು. ಹಿಂದಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೇ. ಮೆನು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಹಿಟ್ಟಿಗೆ ಕಾಯುತ್ತ ನಿಂತಿದ್ದ ಅಮ್ಮ ಅವರ ಮಾತಿಗೆ ಕಿವಿ ಕೊಟ್ಟರು. ಡಬ್ಬ ಕೌಂಟರಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಅವರ ಟೇಬಲಿಗೇ ನಡೆದರು. “ಮಾವ್ ಮಾಕನ್ ಅಪಾ?” ಎಂದರು, ಏನು ತಿನ್ನುತ್ತೀರಿ ಎಂದು ಅವರ ಭಾಷೆಯಲ್ಲೇ.

ಆ ಹೆಂಗಸಿನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕೂ ಜನ ಒಟ್ಟಿಗೆ ಮಾತಾಡಿದರು. ಅಮ್ಮ ತಲೆ ಆಡಿಸುತ್ತ ಕೇಳಿ, ನನ್ನ ಕಡೆ ತಿರುಗಿ, “ಎರಡು ಮಸಾಲೆ, ಮಕ್ಕಳಿಗೆ ಖಾರ ಇಲ್ದೆ ಎರಡು ಸಾದಾ. ಚಟ್ನಿಗೆ ಕಾಯಿ ಹಾಕಿದೀರಾ ಅಂತ ಕೇಳ್ತಿದಾಳೆ. ಹಾಕಿದಾರೆ ಅಂದಿದೀನಿ, ನನ್ನ ಮರ್ಯಾದೆ ಕಳೀಬೇಡ” ಎಂದರು.

ಅಮ್ಮನ ಗಂಡನಿಗೆ ಹಿಂದೆ ಇಂಡೋನೇಷ್ಯಾದ ಜಕಾರ್ತಾಗೆ ಪೋಸ್ಟಿಂಗ್ ಆಗಿತ್ತಂತೆ. ಅಲ್ಲಿದ್ದ ಮೂರು ವರ್ಷದಲ್ಲಿ ತರಕಾರಿ ಮಾರುವ ಹೆಂಗಸರ ಹತ್ತಿರ ಚೌಕಾಸಿ ಮಾಡುತ್ತ ಮಾಡುತ್ತ ಆ ಭಾಷೆ ಕಲಿತಿದ್ದರು. “ಪುಸ್ತಕದ್ದಲ್ಲಪ್ಪ, ಸಂತೇದು” ಎಂದರು.

ಅವತ್ತು ಅವರಿಗೆ ಲೆಕ್ಕ ತಪ್ಪಿ ಎರಡು ಸೌಟು ಹಿಟ್ಟು ಹೆಚ್ಚು ಹಾಕಿ ಕೊಟ್ಟೆ. ಕಾರಣ ಅವರಿಗೆ ಗೊತ್ತಿರಲಿಲ್ಲ.

ಕಾರಣ ನನ್ನ ಅಣ್ಣ.

ಅಣ್ಣ ನನಗಿಂತ ಐದು ವರ್ಷಕ್ಕೆ ದೊಡ್ಡವನು. ಶಾಲೆ ಬಿಟ್ಟ ನನ್ನನ್ನು ಮುಂಬೈಗೆ ಕರೆದುಕೊಂಡು ಹೋಗಿ, ತಾನು ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲೇ ಸೇರಿಸಿದವನು. ಆಮೇಲೆ ನಾನು ದೆಹಲಿಗೆ ಬಂದೆ, ಅವನು ಸರಕು ಸಾಗಿಸುವ ಹಡಗಿನಲ್ಲಿ ಅಡುಗೆಯವನಾಗಿ ಹೋದ. ಒಂದು ವರ್ಷ ಇಂಡೋನೇಷ್ಯಾದ ಸುರಬಾಯಾ ಎನ್ನುವ ಬಂದರಿನಲ್ಲಿ ಇಳಿದವನು ಹಡಗು ಹತ್ತಲಿಲ್ಲ. ಕ್ಯಾಪ್ಟನ್ ಜೊತೆ ಜಗಳವಂತೆ. ಅಲ್ಲೇ ಬಂದರಿನ ಹತ್ತಿರ ಒಂದು ಹೆಂಗಸು ನಡೆಸುವ ಊಟದ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೇನೆ ಎಂದು ನಮ್ಮ ಹೋಟೆಲಿನ ಫೋನಿಗೆ ಮಾಡಿ ಹೇಳಿದ. ಹತ್ತಿರ ಸರಿಯಾದ ಕಾಗದ ಇಲ್ಲ, ಯಾರಿಗೂ ಹೇಳಬೇಡ ಎಂದ. ತಿಂಗಳಿಗೊಮ್ಮೆ ಮಾಡುತ್ತಿದ್ದ. ಕೊನೆಯ ಸಲ ಮಾಡಿದಾಗ, “ಅರ್ಜೆಂಟ್ ಆದ್ರೆ ಇರ್ಲಿ” ಎಂದು ಅಂಗಡಿಯ ನಂಬರ್ ಬರೆಸಿದ. ಆಮೇಲೆ ಐದು ತಿಂಗಳು... ಏನೂ ಇಲ್ಲ.

ಊರಿನಲ್ಲಿ ಅತ್ತಿಗೆ, ಅವಳ ಸಣ್ಣ ಮಗಳು. ಪ್ರತಿ ಭಾನುವಾರ ಪಕ್ಕದ ಮನೆಯ ಫೋನಿಗೆ ನಾನು ಮಾಡುತ್ತಿದ್ದೆ. ಅತ್ತಿಗೆ ಹಲೋ ಕೂಡ ಅನ್ನುತ್ತಿರಲಿಲ್ಲ. “ಗೊತ್ತಾಯ್ತಾ?” ಎನ್ನುತ್ತಿದ್ದಳು. ಅಷ್ಟೇ. ಆ ಒಂದು ಮಾತಿಗೆ ಹೆದರಿ ನನಗೆ ಶನಿವಾರದಿಂದಲೇ ಊಟ ಸೇರುತ್ತಿರಲಿಲ್ಲ. ಕಾಗದವಿಲ್ಲದೆ ಉಳಿದವನ ವಿಷಯ, ಕಚೇರಿಗಳಿಗೆ ಹೋದರೆ ಅವನಿಗೇ ತೊಂದರೆ. ನಾನೇ ಫೋನು ಮಾಡಬೇಕು, ನಾನೇ ಕೇಳಬೇಕು. ಭಾಷೆ ಬೇಕು.

ಮುಂದಿನ ಮಂಗಳವಾರ ಅಮ್ಮನಿಗೆ ಹೇಳಿದೆ: “ಎಂಬಸಿಯವರು ಊಟಕ್ಕೆ ಬರೋಕೆ ಶುರು ಮಾಡಿದಾರೆ. ನಾಲ್ಕು ಪ್ರಶ್ನೆ ಕಲಿಸಿಕೊಡಿ, ಬಿಸಿನೆಸ್‌ಗೆ ಒಳ್ಳೇದು.” ಸುಳ್ಳು ಹೇಳಿದೆ. ಅವರ ಮಗ ಸರ್ಕಾರದವನು, ಅದೊಂದು ಭಯ. ಇನ್ನೊಂದು, ನನ್ನ ಮನೆಯ ಗಾಯವನ್ನು ಕೌಂಟರಿನ ಮೇಲಿಟ್ಟು ತೋರಿಸುವ ಜಾಯಮಾನ ನನ್ನದಲ್ಲ.

ಹಾಗೆ ಶುರುವಾಯಿತು. ವಾರಕ್ಕೆ ಎರಡು ದಿನ, ಹಿಟ್ಟು ಅಳೆಯುವ ಹತ್ತು ನಿಮಿಷ. ಆರ್ಡರ್ ಪ್ಯಾಡಿನ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅಪಾ ಎಂದರೆ ಏನು. ಸಿಯಾಪಾ ಎಂದರೆ ಯಾರು. ಕಾಪನ್, ಯಾವಾಗ. ದಿ ಮಾನಾ, ಎಲ್ಲಿ. ಅವರ ಭಾಷೆಗೆ ಬಹಾಸಾ ಅನ್ನುತ್ತಾರೆ, ಹೆಸರಿಗೆ ನಾಮಾ, ಗುರುವಿಗೆ ಗುರು. ಅಯ್ಯೋ, ಅರ್ಧ ನಮ್ಮದೇ ಇದೆಯಲ್ಲ ಎಂದು ಎದೆ ಉಬ್ಬಿತು. ಎರಡು ವಾರದಲ್ಲಿ ಇಪ್ಪತ್ತು ಪ್ರಶ್ನೆ ಬಾಯಿಪಾಠ. ನನ್ನ ಉಚ್ಚಾರ ಕೇಳಿ ಅಮ್ಮನೇ, “ಪರವಾಗಿಲ್ಲ, ಕಣ್ಣು ಮುಚ್ಚಿಕೊಂಡ್ರೆ ಜಕಾರ್ತಾ ಸಂತೇಲಿ ನಿಂತ ಹಾಗಿದೆ” ಎಂದರು.

ಆದರೆ ಅವರದ್ದು ಒಂದು ಕಾಟ. ಪ್ರಶ್ನೆ ಕಲಿಸಿದ ಮೇಲೆ ತಾವೇ ಉತ್ತರ ಹೇಳಿ, ಸುಮ್ಮನೆ ನಿಲ್ಲುತ್ತಿದ್ದರು. ಹುಬ್ಬು ಎತ್ತಿ ನನ್ನ ಮುಖ ನೋಡುತ್ತ. ನಾನು ಅದರ ಅರ್ಥ ಹೇಳಬೇಕು. ಹೇಳುವ ತನಕ ಅವರು ಮಾತಾಡುತ್ತಿರಲಿಲ್ಲ, ಡಬ್ಬವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಹಿಂದೆ ಗಿರಾಕಿಗಳು ಸಾಲು ನಿಂತಿರುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಶಾಲೆ ಬಿಟ್ಟದ್ದೇ ಅದಕ್ಕೆ. ನಮ್ಮ ಮಾಸ್ತರರು ಪ್ರಶ್ನೆ ಕೇಳಿ, ಉತ್ತರ ಬಾರದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಒಂದು ದಿನ ನಾನು ಬೆಂಚು ಇಳಿದು, ಚೀಲ ತೆಗೆದುಕೊಂಡು, ಬಾಗಿಲಿನಿಂದ ಹೊರಗೆ ನಡೆದವನು ಹಿಂದೆ ತಿರುಗಿ ನೋಡಲಿಲ್ಲ.

“ಅಮ್ಮ, ನಾನು ಕೇಳೋದು ಕಲೀಬೇಕು ಅಂದಿದ್ದು. ಪರೀಕ್ಷೆ ಬರೀತೀನಿ ಅಂದಿಲ್ಲ.”

“ಕೇಳಿದ ಮೇಲೆ ಅವರು ಏನಾದ್ರೂ ಅಂತಾರಲ್ಲಪ್ಪ?”

“ಅಂದ್ರೆ ಅನ್ಲಿ. ಗೊತ್ತಾಗುತ್ತೆ.”

“ಹೇಗೆ?”

ಹೇಗೆ ಎಂದು ನಾನು ಅವರಿಗೆ ಲೆಕ್ಚರ್ ಕೊಟ್ಟೆ, ಈಗ ನೆನೆದರೆ ನಾಚಿಕೆ. ನಮ್ಮ ಉದ್ಯೋಗದಲ್ಲಿ ಕೇಳುವುದೇ ಕೆಲಸ. ನಾನು ಪಂಜಾಬಿಯಲ್ಲಿ ಕೇಳಬಲ್ಲೆ, ಬಂಗಾಳಿಯಲ್ಲಿ ಕೇಳಬಲ್ಲೆ, ತಮಿಳು, ಮಲಯಾಳಂ ಯಾವುದರಲ್ಲಿ ಬೇಕಾದರೂ ಏನು ಬೇಕು ಎಂದು ಕೇಳಬಲ್ಲೆ. ಅವರು ಹತ್ತು ಮಾತು ಆಡಲಿ, ಅದರೊಳಗೆ ಮಸಾಲೆ ಎಂದೋ ಪೇಪರ್ ಎಂದೋ ಊತಪ್ಪ ಎಂದೋ ಒಂದು ಶಬ್ದ ಇದ್ದೇ ಇರುತ್ತದೆ. ಅದನ್ನು ಹಿಡಿದುಕೊಂಡರೆ ಮುಗಿಯಿತು. ಉಳಿದದ್ದು ಗಾಳಿ. ಇಪ್ಪತ್ತು ವರ್ಷ ಹಾಗೇ ನಡೆದಿದೆ, ಒಂದು ಆರ್ಡರ್ ತಪ್ಪಿಲ್ಲ.

ಅಮ್ಮ ಎಲ್ಲ ಕೇಳಿ, “ಅದು ನಿನ್ನ ಮೆನು ಕಾರ್ಡ್ ಒಳಗಿನ ಉತ್ತರ ಕಣಯ್ಯಾ” ಎಂದರು. “ಮೆನು ಹೊರಗಿಂದು ಬಂದ್ರೆ?”

“ನಮ್ಮ ಹೋಟೆಲಲ್ಲಿ ಬರಲ್ಲ.”

ಅವರು ಡಬ್ಬದ ಮುಚ್ಚಳ ಒತ್ತಿ ಹಾಕಿದರು. ಅಂದಿನಿಂದ ಉತ್ತರ ಹೇಳಿ ಕಾಯುವುದನ್ನು ಬಿಟ್ಟರು. ನಾನೇ ಗೆದ್ದೆ ಎಂದುಕೊಂಡೆ.

ಆಮೇಲೆ ನನಗೆ ಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ತೆಗೆದುಕೊಂಡೆ. ಅಲ್ಲಿ ಭಾರತದವನು ಒಬ್ಬ ಇದ್ದಾನಾ? ಅವನು ಯಾವಾಗ ಹೋದ? ಎಲ್ಲಿಗೆ ಹೋದ? ಅಮ್ಮ ಹೇಳಿಕೊಟ್ಟರು. ಆದರೆ ಕಣ್ಣು ಕಿರಿದು ಮಾಡಿ, “ಹೋಟೆಲಿಗೆ ಊಟಕ್ಕೆ ಬಂದವರನ್ನ ‘ಯಾವಾಗ ಹೋದ, ಎಲ್ಲಿಗೆ ಹೋದ’ ಅಂತ ಯಾರು ಕೇಳ್ತಾರೆ? ದುಡ್ಡು ಕೊಡದೆ ಓಡಿ ಹೋದವರನ್ನ ಹಿಡಿಯೋಕಾ?” ಎಂದರು. ನಾನು ನಕ್ಕು ಬಿಟ್ಟೆ. ಅವರು ನಗಲಿಲ್ಲ. “ಜೊತೆಗೆ ಯಾರಾದ್ರೂ ಬೇಕು ಅನ್ನಿಸಿದ್ರೆ ಹೇಳು, ನಾನು ಇಲ್ಲೇ ಇರೋದು” ಎಂದರು. ಅರ್ಥವಾಗದವನ ಹಾಗೆ ಹಿಟ್ಟು ಕಲಕಿದೆ...

ಮಾರ್ಕೆಟ್ಟಿನ ಮೂಲೆಯಲ್ಲಿ ಎಸ್‌ಟಿಡಿ ಬೂತ್ ಇತ್ತು. ಮಧ್ಯಾಹ್ನದ ಊಟ ಮುಗಿದು ಸಾಯಂಕಾಲದ ತಿಂಡಿ ಶುರುವಾಗುವ ನಡುವೆ ಹೋದೆ. ಗಾಜಿನ ಬಾಗಿಲು ಹಾಕಿಕೊಂಡು, ಚೀಟಿ ಎದುರಿಗೆ ಇಟ್ಟುಕೊಂಡು ಡಯಲ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ಹೆಂಗಸಿನ ದನಿ. ಹಿಂದೆ ಬಾಣಲೆಯ ಸದ್ದು, ಯಾರೋ ತಟ್ಟೆ ಜೋಡಿಸುವ ಸದ್ದು. ನಮ್ಮ ಹೋಟೆಲೇ ಇರಬಹುದು ಅನ್ನಿಸಿತು. ಧೈರ್ಯ ಬಂತು.

“ಅದಾ ಓರಾಂಗ್ ಇಂದಿಯಾ ದಿ ಸಿತು?”

ಅಲ್ಲಿ ಭಾರತದವನು ಇದ್ದಾನಾ ಎಂದು ಅಷ್ಟು ಚೆನ್ನಾಗಿ ಕೇಳಿದೆ ಎಂದರೆ, ಅವಳು ನನ್ನನ್ನು ಅಲ್ಲಿಯವನೇ ಅಂದುಕೊಂಡಿರಬೇಕು. ಮಾತಾಡಲು ಶುರುಮಾಡಿದಳು. ನಿಲ್ಲಿಸಲೇ ಇಲ್ಲ. ಪಟಪಟನೆ, ಉಸಿರು ತೆಗೆದುಕೊಳ್ಳದೆ. ಇಂದಿಯಾ ಎಂದು ಒಮ್ಮೆ ಕೇಳಿಸಿತು. ಅಣ್ಣನ ಹೆಸರು ಅವಳ ಬಾಯಲ್ಲಿ ಎರಡು ಸಲ ಬಂತು. ಆ ಹೆಸರಿನ ಹಿಂದೆ ಮುಂದೆ ಏನಿತ್ತು? ನಾನು ಕಿವಿಯನ್ನು ರಿಸೀವರಿಗೆ ಒತ್ತಿ ಒತ್ತಿ ಹಿಡಿದೆ. ಮಸಾಲೆ ದೋಸೆಯ ಹಾಗೆ ಹಿಡಿಯಲು ಒಂದು ಶಬ್ದ ಬೇಕಿತ್ತು. ಒಂದೂ ಇಲ್ಲ. ಅವಳು ನಿಲ್ಲಿಸಿದಳು. ನಾನು ಚೀಟಿಯ ಎರಡನೇ ಪ್ರಶ್ನೆ ಓದಿದೆ. “ಕಾಪನ್ ದಿಯಾ ಪರ್ಗಿ?” ಯಾವಾಗ ಹೋದ. ಮತ್ತೆ ಮಾತು. ಈ ಸಲ ನಿಧಾನ. ನಡುವೆ ದನಿ ಒಂದು ಕಡೆ ತಗ್ಗಿತು. ಅಳುವೋ, ನೆಗಡಿಯೋ, ಯಾರಿಗಾದರೂ ಕೇಳಿಸಬಾರದು ಎಂದೋ... ಗೊತ್ತಾಗಲಿಲ್ಲ. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಮೂರನೇ ಪ್ರಶ್ನೆ ಕೇಳಿದೆ, ಎಲ್ಲಿಗೆ ಹೋದ. ಅದಕ್ಕೂ ಅವಳು ಉತ್ತರ ಹೇಳಿದಳು. ಪಾಪ, ಎಲ್ಲದಕ್ಕೂ ಹೇಳಿದಳು.

ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳಿದಳು. “ಬಪಾಕ್ ಸಿಯಾಪಾ?” ಇಡೀ ಮಾತುಕತೆಯಲ್ಲಿ ನನಗೆ ಅರ್ಥವಾದದ್ದು ಅದೊಂದೇ. ಏಕೆಂದರೆ ಅದು ನನ್ನ ಚೀಟಿಯಲ್ಲಿತ್ತು. ನೀವು ಯಾರು ಎಂದು ಕೇಳುತ್ತಿದ್ದಳು. ನಾನು ಯಾರು ಎಂದು ಹೇಳುವುದನ್ನು ಮಾತ್ರ ನಾನು ಕಲಿತಿರಲಿಲ್ಲ. ತಮ್ಮ ಎನ್ನುವುದಕ್ಕೆ ಅವರಲ್ಲಿ ಏನೆನ್ನುತ್ತಾರೆ? ಅವಳು ಇನ್ನೊಮ್ಮೆ ಕೇಳಿದಳು. ನಾನು ಧನ್ಯವಾದಕ್ಕೆ ಕಲಿತಿದ್ದ ತರಿಮಾ ಕಾಸಿ ಎಂದು ಹೇಳಿ ಫೋನು ಇಟ್ಟುಬಿಟ್ಟೆ.

“ಬಾತ್ ಹೋ ಗಯೀ, ಭಾಯಿಸಾಬ್?” ಎಂದ ಬೂತಿನವನು. ಹೋ ಗಯೀ ಎಂದೆ.

ಆ ಭಾನುವಾರ ಅತ್ತಿಗೆ, “ಗೊತ್ತಾಯ್ತಾ?” ಎಂದಾಗ ನನ್ನ ಬಾಯಿಂದ, “ಹೂಂ, ಅಂಗಡಿಯವಳ ಹತ್ತಿರ ಮಾತಾಡಿದೆ. ಚೆನ್ನಾಗಿದ್ದಾನಂತೆ. ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾನಂತೆ” ಎಂದು ಬಂತು. ಅದೇ ಭಾಷೆ ಕಲಿತು, ಅದೇ ನಂಬರಿಗೆ ಫೋನು ಮಾಡಿ, ಉತ್ತರ ಗೊತ್ತಾಗಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಫೋನಿನ ಆ ಕಡೆ ಅತ್ತಿಗೆ ಮೊದಲ ಬಾರಿ ಅತ್ತಳು. ಸಮಾಧಾನಕ್ಕೆ.

ಎರಡು ವಾರ ಹಾಗೇ ಕಳೆದೆ. ಅಮ್ಮ ನಾಲ್ಕು ಸಲ ಹಿಟ್ಟಿಗೆ ಬಂದರು. ನಾಲ್ಕು ಸಲವೂ ಹಿಟ್ಟು ಅಳೆದು ಕೊಟ್ಟು ಕಳಿಸಿದೆ. ಐದನೇ ಸಲ ಅವರೇ, “ಏನಯ್ಯಾ, ಪ್ರಶ್ನೆ ಮುಗಿದುಹೋಯ್ತಾ?” ಎಂದರು. ಆಗ ತಡೆಯಲಾಗಲಿಲ್ಲ. ಅಡುಗೆಮನೆಯ ಹಿಂದೆ ಗ್ರೈಂಡರಿನ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ.

ಕನಿಕರ ತೋರಿಸುತ್ತಾರೆ ಅಂದುಕೊಂಡಿದ್ದೆ. ಹಿಟ್ಟಿನಮ್ಮ ಕೆಂಡವಾದರು.

“ಎರಡು ವಾರ! ಎರಡು ವಾರ ಅದನ್ನ ಹೊಟ್ಟೇಲಿ ಇಟ್ಕೊಂಡು ನಂಗೆ ಹಿಟ್ಟು ಅಳೆದು ಕೊಟ್ಯಾ? ನಿನ್ನ ಅಣ್ಣನಿಗಿಂತ ನಿನ್ನ ಮೀಸೆ ದೊಡ್ಡದಾ?”

ಡಬ್ಬವನ್ನು ಅಲ್ಲೇ ಬಿಟ್ಟು, ಚಪ್ಪಲಿ ಕಾಲಿಗೆ ಸರಿಯಾಗಿ ಸಿಕ್ಕಿಸಿಕೊಳ್ಳದೆ ಬೂತಿಗೆ ನಡೆದರು. ನಾನು ಹಿಂದೆ. ಅವರೇ ಡಯಲ್ ಮಾಡಿದರು. ಕೇಳಿದರು. ಮತ್ತೆ ಮಾಡಿದರು. ಮೂರನೇ ಸಲ ರಿಸೀವರನ್ನು ನನ್ನ ಕಿವಿಗೆ ಕೊಟ್ಟರು. ಒಂದು ಯಂತ್ರದ ದನಿ ಏನನ್ನೋ ಹೇಳುತ್ತಿತ್ತು.

“ಈ ನಂಬರ್ ಈಗ ಇಲ್ಲ ಅಂತಿದೆ” ಎಂದರು.

ಮರುದಿನವೂ ಅದೇ. ಅದರ ಮರುವಾರವೂ ಅದೇ.

ಬೂತಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಅಮ್ಮ ನನ್ನಿಂದ ಆ ಮಾತುಗಳನ್ನು ಹೊರತೆಗೆಯಲು ನೋಡಿದರು. “ಒಂದು ಶಬ್ದ. ಅರ್ಧ ಶಬ್ದ. ಶುರು ಹೇಗಿತ್ತು? ಕೊನೆ ಹೇಗಿತ್ತು? ರುಮಾ ಸಾಕಿತ್ ಅಂದ್ಲಾ? ಹಾಗಂದ್ರೆ ಆಸ್ಪತ್ರೆ. ಪೊಲಿಸಿ ಅಂದ್ಲಾ? ಅಂದ್ರೆ ಪೊಲೀಸು.” ನಾನು ತಲೆ ಹಿಡಿದುಕೊಂಡು ಕೂತೆ. ಅಣ್ಣ ಏನಾದ ಎಂಬ ಉತ್ತರ ನನ್ನ ಈ ಕಿವಿಯೊಳಗೆ ಬಂದು, ನಾಲ್ಕು ನಿಮಿಷ ಇದ್ದು, ಹೊರಟುಹೋಗಿತ್ತು. ಅವಳು ಕೇಳಿದ ಸಿಯಾಪಾ ಒಂದು ಬಿಟ್ಟು ಏನೂ ಉಳಿದಿರಲಿಲ್ಲ. ಅದನ್ನೇ ಹೇಳಿದೆ. “ನೀನೇನಂದೆ?” ಎಂದರು. ಥ್ಯಾಂಕ್ಸ್ ಹೇಳಿ ಇಟ್ಟೆ ಎಂದೆ.

ಅವರು ಬೈದರೂ ಸುಮ್ಮನೆ ಕೂತವರಲ್ಲ. ಅಂಗಡಿಯ ಹೆಸರು, ಬಂದರಿನ ಹೆಸರು ಇಷ್ಟೇ ಇಟ್ಟುಕೊಂಡು ಆ ಭಾಷೆಯಲ್ಲಿ ಎರಡು ಕಾಗದ ಬರೆದು ಕಳಿಸಿದರು. ಮಗನಿಗೆ ಒಂದು ಮಾತೂ ಹೇಳಲಿಲ್ಲ. ಕಾಗದಗಳಿಗೆ ಜವಾಬು ಬರಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಮಗನಿಗೆ ವರ್ಗವಾಯಿತು, ಬೆಂಗಳೂರಿಗೆ. ಅಮ್ಮ ಮೈಸೂರಿನ ತಂಗಿಯ ಮನೆಯಲ್ಲಿರುತ್ತೇನೆ ಎಂದರು.

ಕೊನೆಯ ಶುಕ್ರವಾರ ಹಿಟ್ಟು ತೆಗೆದುಕೊಳ್ಳಲಿಲ್ಲ. ಡಬ್ಬ ಇಲ್ಲದೆ ಬಂದವರು ಚೀಲದಿಂದ ಈ ಕ್ಯಾಸೆಟ್ಟು ತೆಗೆದರು. ನನ್ನ ಕೈ ಮಣಿಕಟ್ಟಿನ ತನಕ ಹಿಟ್ಟಿನೊಳಗಿತ್ತು.

“ಆ ಹೆಂಗಸು ಏನೇನು ಹೇಳಿರಬಹುದೋ ಅದನ್ನೆಲ್ಲ ಮಾತಾಡಿ ತುಂಬಿದೀನಿ. ಮತ್ತೆ ಯಾವತ್ತಾದ್ರೂ ಫೋನ್ ಬಂದ್ರೆ ನಿಂಗೆ ತಿಳೀಬೇಕಲ್ಲ. ದಿನಾ ಕೇಳು. ಜಾಗ ಬಿಟ್ಟಿದೀನಿ, ಅಲ್ಲಿ ಜೋರಾಗಿ ಹೇಳ್ಬೇಕು.”

ನನಗೆ ಬಂದದ್ದು ಸಿಟ್ಟು. ನಂಬರ್ ಸತ್ತ ಮೇಲೆ ಉತ್ತರ ಯಾರಿಗೆ ಬೇಕು? ಬೆಂಚಿನ ಮೇಲೆ ನಿಂತ ಹುಡುಗನ ಹಾಗೆ ಮತ್ತೆ ನಿಲ್ಲಿಸುತ್ತಿದ್ದಾರೆ ಅನ್ನಿಸಿತು. ಹಿಟ್ಟಿನ ಕೈಯಲ್ಲೇ ಈಸಿಕೊಂಡು ಶೆಲ್ಫಿನ ಮೇಲೆ ಎಸೆದ ಹಾಗೆ ಇಟ್ಟೆ. ನಮಸ್ಕಾರ ಮಾಡಬೇಕಿತ್ತು. ಕೈ ಕೊಳೆ ಎಂದು ಮಾಡಲಿಲ್ಲ... ಕೈ ತೊಳೆಯಲು ಎಷ್ಟು ಹೊತ್ತು ಬೇಕು?

ಮೈಸೂರಿಂದ ಒಮ್ಮೆ ಹೋಟೆಲಿಗೆ ಫೋನು ಮಾಡಿದರು.

“ಕ್ಯಾಸೆಟ್ ಕೇಳಿದ್ಯೇನಯ್ಯಾ?”

“ಕೇಳಿದೆ ಅಮ್ಮ. ಚೆನ್ನಾಗಿದೆ.”

“ಕೊನೇ ಪ್ರಶ್ನೆಗೆ ಏನಂದೆ?”

“ಗಿರಾಕಿ ಬಂದಿದಾರೆ ಅಮ್ಮ, ಆಮೇಲೆ ಮಾಡ್ತೀನಿ.”

“ಅಚ್ಛಾ” ಎಂದರು, ದೆಹಲಿಯವರ ಹಾಗೆ. ಅವರಿಗೆ ಗೊತ್ತಾಗಿತ್ತು. ಆಮೇಲೆ ನಾನು ಮಾಡಲಿಲ್ಲ. ಕೆಲವು ವರ್ಷದ ಮೇಲೆ ಅದೇ ಕ್ವಾರ್ಟರ್ಸಿನ ಒಬ್ಬರು ಕಾಫಿ ಕುಡಿಯುತ್ತ, ಅವರು ಹೋಗಿಬಿಟ್ಟರಂತೆ ಎಂದು ಸುಮ್ಮನೆ ಮಾತಿಗೆ ಹೇಳಿದರು.

ಅಣ್ಣನ ಸುದ್ದಿ ಬರಲೇ ಇಲ್ಲ. ಅವನ ಮಗಳ ಮದುವೆಯ ಕರೆಯೋಲೆಯಲ್ಲಿ ಅವನ ಹೆಸರಿನ ಹಿಂದೆ ದಿವಂಗತ ಎಂದು ಹಾಕಲು ಅತ್ತಿಗೆ ಬಿಡಲಿಲ್ಲ. ಪ್ರೆಸ್ಸಿನವನು ಕೇಳಿದ್ದಕ್ಕೆ, “ಚೆನ್ನಾಗಿದ್ದಾರಂತೆ, ನನ್ನ ಮೈದುನ ಫೋನು ಮಾಡಿ ವಿಚಾರಿಸಿದ್ದಾರೆ” ಎಂದಳಂತೆ. ಆ ಕಾರ್ಡನ್ನು ನಾನು ಪೂರ್ತಿ ಓದಲಿಲ್ಲ.

ಬಣ್ಣದ ಕೆಲಸ ಮುಗಿದ ಮೇಲೆ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಈಗ ಟೇಪ್ ರೆಕಾರ್ಡರ್ ಎಲ್ಲಿದೆ? ನಾಲ್ಕು ಅಂಗಡಿಯವರು ನಕ್ಕರು. ಐದನೆಯವನು, ಫ್ಯಾನು ಮಿಕ್ಸಿ ರಿಪೇರಿ ಮಾಡುವವನು, ಸಾಮಾನಿನ ರಾಶಿಯಿಂದ ಒಂದು ಹಳೆಯದನ್ನು ಎಳೆದು, ಧೂಳು ಊದಿ, ತಂತಿ ಸಿಕ್ಕಿಸಿದ. ಗರಗರ ಎಂದಿತು. ಆಮೇಲೆ ಹಿಟ್ಟಿನಮ್ಮ ಕೆಮ್ಮಿದರು.

“ಒಂದನೇದು” ಎಂದರು. ಆ ಭಾಷೆಯಲ್ಲಿ ಒಂದು ಮಾತು, ಆಮೇಲೆ ಕನ್ನಡ: “ಅವನು ಬೇರೆ ಊರಿಗೆ ಹೋದ. ಹೇಳು.” ಖಾಲಿ ಜಾಗ. ಅದರೊಳಗೆ ಆರ್.ಕೆ.ಪುರಂನ ಆ ಮನೆಯ ಕುಕ್ಕರು ಕೂಗಿತು, ಕೆಳಗೆ ಯಾರೋ ಸಬ್ಜಿವಾಲಾ ಕೂಗುತ್ತ ಹೋದ. “ಸರಿ” ಎಂದರು ಅಮ್ಮ, ನಾನು ಹೇಳಿಯೇ ಬಿಟ್ಟೆ ಎನ್ನುವ ಹಾಗೆ. “ಮುಂದಿಂದು.” ಅವನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾನೆ. ಅವನನ್ನು ಪೊಲೀಸರು ಕರೆದುಕೊಂಡು ಹೋದರು. ಅವನು ಇಲ್ಲೇ ಮದುವೆಯಾಗಿದ್ದಾನೆ. ಒಂದೊಂದಕ್ಕೂ ಜಾಗ, ಒಂದೊಂದಕ್ಕೂ ಸರಿ. ಒಂದು ಕಡೆ ಮಾತ್ರ ಆ ಭಾಷೆಯ ಮಾತು ಹೇಳಿ ನಿಲ್ಲಿಸಿದರು. “ಇದಕ್ಕೆ ಕನ್ನಡ ಬೇಡ. ಇದನ್ನ ಅವಳು ಹೇಳಿರಲ್ಲ” ಎಂದರು. ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದೆ. ಆ ದಿನ ಬೂತಿನಲ್ಲಿ ಈ ಸದ್ದು ಬಂದಿತ್ತಾ? ದನಿ ತಗ್ಗಿದ್ದು ಇದಕ್ಕೇನಾ? ಎಷ್ಟು ಕೇಳಿದರೂ ನೆನಪಾಗುತ್ತಿಲ್ಲ. ಇನ್ನು ಆಗುವುದೂ ಇಲ್ಲ.

ಪಟ್ಟಿ ಮುಗಿಯುವ ಹೊತ್ತಿಗೆ ಅಮ್ಮನ ದನಿ ಬದಲಾಯಿತು. ಅಂಗಡಿಯ ಹೆಂಗಸಿನ ಹಾಗೆ, ಸ್ವಲ್ಪ ಅವಸರದಲ್ಲಿ ಕೇಳಿದರು.

“ಬಪಾಕ್ ಸಿಯಾಪಾ?”

ಜಾಗ. ಟೇಪು ಓಡುವ ಸದ್ದು.

“ಅವತ್ತು ಹೇಳ್ಲಿಲ್ಲ ತಾನೆ? ಈಗ ಹೇಳು. ಸಾಯಾ ಅದಿಕ್‌ನ್ಯಾ. ನಾನು ಅವನ ತಮ್ಮ. ನ್ಯಾ ಅನ್ನೋವಾಗ ನಾಲಿಗೆ ಮೇಲಕ್ಕೆ ತಾಗ್ಬೇಕು. ಹೇಳಯ್ಯಾ, ಅವಸರ ಇಲ್ಲ. ನಾನು ಕಾಯ್ತೀನಿ.”

ಮತ್ತೆ ಮಾತಿಲ್ಲ. ಹುಬ್ಬು ಎತ್ತಿ ನೋಡುತ್ತ ನಿಂತಿದ್ದಾರೆ ಎಂದು ಗೊತ್ತಾಗುತ್ತಿತ್ತು.

“ಸಾಯಾ ಅದಿಕ್‌ನ್ಯಾ” ಎಂದೆ. ದನಿ ಹೊರಡಲಿಲ್ಲ. ಮತ್ತೊಮ್ಮೆ, ಜೋರಾಗಿ ಹೇಳಿದೆ.

ಮಿಕ್ಸಿ ಬಿಚ್ಚುತ್ತಿದ್ದವನು ತಲೆ ಎತ್ತಿದ. “ಕುಛ್ ಬೋಲೇ, ಅಂಕಲ್‌ಜೀ?”

ಟೇಪು ಇನ್ನೂ ಓಡುತ್ತಿತ್ತು. ಇದೊಂದಕ್ಕೆ ಅಮ್ಮ ಸರಿ ಎನ್ನಲಿಲ್ಲ. ಕಾಯುತ್ತಲೇ ಇದ್ದರು, ಟೇಪು ಮುಗಿದು ಬಟನ್ನು ಟಪ್ಪೆಂದು ಮೇಲೆ ಹಾರುವ ತನಕ.